ಹೆಲ್ಮೆಟ್ ವೈಸರ್: ಮಳೆಯಲ್ಲಿ ನೋಟ ಕಾಯ್ದುಕೊಂಡ ಚರಿತ್ರೆ

ಬೈಕ್ ಸವಾರರ ಮುಖವನ್ನು ಗಾಳಿ, ದೂಳು, ಮಳೆಗಳಿಂದ ಕಾಯುವ ಪಾರದರ್ಶಕ ಹಾಳೆ ವೈಸರ್. ರೂಢಿಯಲ್ಲಿ ಹೆಲ್ಮೆಟ್ಟಿನ ಗ್ಲಾಸ್. ಮಳೆಯಲ್ಲಿ ಇದರ ಹೊರಮೈಗೆ ಹನಿಗಳ ಕಾಟ, ಒಳಮೈಗೆ ಉಸಿರಿನ ಆವಿಯ ಕಾಟ. ಒಂದಕ್ಕೆ ನೀರನ್ನು ದೂಡುವ ಮೈ ಬೇಕು, ಇನ್ನೊಂದಕ್ಕೆ ನೀರನ್ನು ಹರಡಿಕೊಳ್ಳುವ ಮೈ. ವೈಸರ್‌ನ ಸುಧಾರಣೆಯೆಲ್ಲ ಈ ವೈರುಧ್ಯದ ಸುತ್ತಲೇ ನಡೆದಿದೆ.

ಆರಂಭದ ಸವಾರರು ತೊಗಲಿನ ಟೋಪಿ, ಗಾಗಲ್ ತೊಡುತ್ತಿದ್ದರು. ಬಿದ್ದಾಗ ಗಾಜಿನ ಚೂರು ಕಣ್ಣಿಗೇ ಚುಚ್ಚುವ ಭಯವಿತ್ತು. ಫ್ರಾನ್ಸಿನ ಎದ್ವಾರ್ ಬೆನೆದಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದ ಪದರುಗಾಜು ಆ ಭಯವನ್ನು ತಗ್ಗಿಸಿತು. ಮಳೆನೀರು ಒರೆಸಲು ಮಾತ್ರ ಕೈಗವಸೇ ಗತಿ.

1935ರಲ್ಲಿ ಬೈಕ್ ಅಪಘಾತದಲ್ಲಿ ಹೆಸರಾಂತ ಬ್ರಿಟಿಷ್ ಲೇಖಕ ಟಿ. ಇ. ಲಾರೆನ್ಸ್ ತೀರಿಕೊಂಡರು. ಅವರಿಗೆ ಚಿಕಿತ್ಸೆ ನೀಡಿದವರಲ್ಲಿ ಒಬ್ಬರಾದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಉಪಯೋಗವನ್ನು ತೋರಿಸಿಕೊಟ್ಟರು. 1953ರಲ್ಲಿ ರೂಪುಗೊಂಡ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುಂದೆ ವೈಸರ್‌ಗೆ ಒದಗಿತು. 1960ರ ದಶಕದಲ್ಲಿ ಅಮೆರಿಕದ ಬೆಲ್ ಕಂಪನಿ ಗದ್ದವನ್ನೂ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ತಂದಿತು. ಜೀವರಕ್ಷಣೆಯಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಬಾಯಿ, ಮೂಗು ಒಳಗೆ ಸೇರಿದ್ದರಿಂದ ಮಬ್ಬಿನ ಸಮಸ್ಯೆ ಬಲವಾಯಿತು.

ಉಸಿರು ಬೆಚ್ಚಗಿದ್ದು ತೇವದಿಂದ ತುಂಬಿರುತ್ತದೆ. ಮಳೆಗಾಳಿಗೆ ತಣ್ಣಗಾದ ವೈಸರ್‌ಗೆ ಅದು ತಗುಲಿದೊಡನೆ ಆವಿ ಸಣ್ಣಸಣ್ಣ ಹನಿಯಾಗಿ ಕೂರುತ್ತದೆ. ರಾತ್ರಿ ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದರೆ ಪ್ರತಿ ಹನಿಯೂ ಬೆಳಕನ್ನು ಚದುರಿಸಿ, ಇಡೀ ವೈಸರ್ ಬೆಳ್ಳಗಾಗಿ ರಸ್ತೆಯೇ ಕಾಣಿಸದು. ಒಂದು ಬೆರಳಿನಷ್ಟು ಮೇಲೆತ್ತಿದರೆ ಮಬ್ಬು ಕರಗುತ್ತದೆ, ಮಳೆ ಕಣ್ಣಿಗೆ ರಾಚುತ್ತದೆ.

ಇದೇ ಕಷ್ಟ ಬಾಹ್ಯಾಕಾಶದಲ್ಲೂ ಎದುರಾಯಿತು. 1966ರ ಜೂನ್‌ನಲ್ಲಿ ಜೆಮಿನಿ 9 ನೌಕೆಯಿಂದ ಹೊರಬಂದ ಗಗನಯಾತ್ರಿ ಯೂಜೀನ್ ಸೆರ್ನನ್ ಅವರ ವೈಸರ್ ಮಬ್ಬಾಗಿ ನಡಿಗೆಯನ್ನು ಮೊಟಕುಗೊಳಿಸಬೇಕಾಯಿತು. ಬಳಿಕ ನಾಸಾ ಮಾರ್ಜಕ ಬೆರೆತ ಲೇಪವೊಂದನ್ನು ಸಿದ್ಧಪಡಿಸಿತು. ಮಾರ್ಜಕ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ತೇವ ಹನಿಗಟ್ಟದೆ ತೆಳುಪೊರೆಯಾಗಿ ಹರಡುತ್ತದೆ. ಒಳಮೈಗೆ ಶಾಂಪೂ ಸವರಿ ಒರೆಸುವ ಸವಾರರ ಉಪಾಯದ ಹಿಂದಿರುವ ತತ್ವವೂ ಇದೇ. ಶಾಂಪೂವಿನ ಪರಿಣಾಮ ಹೆಚ್ಚು ಹೊತ್ತು ನಿಲ್ಲದು. ನೆದರ್ಲೆಂಡ್ಸ್‌ನ ಪಿನ್‌ಲಾಕ್ ವ್ಯವಸ್ಥೆ ಇನ್ನೂ ಗಟ್ಟಿಯಾದದ್ದು: ತೇವ ಹೀರುವ ಎರಡನೆಯ ಹಾಳೆಯೊಂದನ್ನು ಒಳಗಡೆ ಕೂರಿಸಿ, ಅಂಚಿಗೆ ಸಿಲಿಕೋನ್ ಪಟ್ಟಿಯಿಟ್ಟು, ನಡುವೆ ಗಾಳಿಯ ಪದರವನ್ನು ಸೆರೆಹಿಡಿಯಲಾಗುತ್ತದೆ. ಹೊರಗಿನ ಚಳಿ ಒಳಹಾಳೆಗೆ ಸುಲಭವಾಗಿ ತಲುಪುವುದಿಲ್ಲ.

ಹೊರಮೈಗೆ ನೀರು ಜಾರಿಸುವ ಲೇಪಗಳಿವೆ. ಹನಿಯನ್ನು ದೂಡುವುದು ಗಾಳಿಯಾದ್ದರಿಂದ ಟ್ರಾಫಿಕ್‌ನಲ್ಲಿ ತೆವಳುವಾಗ ಅವು ಹೆಚ್ಚು ನೆರವಾಗವು. ಆಗ ಎಡಗೈ ಗವಸಿನ ಬೆರಳಿಗೆ ಹೊಲಿದ ರಬ್ಬರ್ ಪಟ್ಟಿಯೇ ಲೇಸು. ಮಳೆಯನ್ನು ಸವಾರರಿಂದಲೇ ದೂರವಿಡುವ ಯತ್ನವೂ ನಡೆದಿದೆ: ಹೋಂಡಾ 1990ರಲ್ಲಿ ತಂದ ಜೈರೋ ಕ್ಯಾನಪಿ ಸ್ಕೂಟರಿಗೆ ಚಾವಣಿ, ಮುಂಗಾಜು, ವೈಪರ್ ಮೂರೂ ಇದ್ದವು.

ಭಾರತದಲ್ಲಿ 2021ರ ಜೂನ್‌ನಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಗುರುತೊಂದೇ ಸಾಲದು. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಮಳೆಯ ಜೊತೆ ಮಂಜೂ ಇಳಿಯುವುದರಿಂದ ವೈಸರ್‌ನ ಸ್ಥಿತಿ ಅಲ್ಲಿ ಜೀವದ ಪ್ರಶ್ನೆ. ಗೀರು ಬಿದ್ದ ವೈಸರ್ ಕೂಡ ಹನಿಗಳಂತೆಯೇ ಬೆಳಕು ಚದುರಿಸುತ್ತದೆ. ಹೆಲ್ಮೆಟ್ ಗಟ್ಟಿಯಾಗಿದ್ದರೂ ಮಳೆಗಾಲಕ್ಕೆ ಮುಂಚೆ ಅಂಥ ವೈಸರನ್ನು ಬದಲಿಸಬೇಕು. ಕಪ್ಪು ಗ್ಲಾಸಂತೂ ಮಳೆರಾತ್ರಿಗೆ ಸಲ್ಲದು.