ವೇರಿಂಗ್ ನ್ಯಾಯಭವನ
ಚಾರ್ಲ್ಸ್‌ಟನ್, ದಕ್ಷಿಣ ಕ್ಯಾರೊಲೈನಾ

ಬ್ರಾಡ್ ಹಾಗೂ ಮೀಟಿಂಗ್ ಬೀದಿಗಳು ಸಂಧಿಸುವೆಡೆಯ ಪುರಾತನ ನ್ಯಾಯಾಲಯಕ್ಕೆ ಹೊಂದಿಕೊಂಡು ನಿಂತಿರುವ ಈ ಭವನವು, 1880ರಲ್ಲಿ ಇದೇ ನಗರದಲ್ಲಿ ಜನಿಸಿ, 1942ರಲ್ಲಿ ಸಂಯುಕ್ತ ಸಂಸ್ಥಾನಗಳ ಜಿಲ್ಲಾ ನ್ಯಾಯಾಧೀಶರಾಗಿ ಪೀಠವನ್ನಲಂಕರಿಸಿದ ಜೂಲಿಯಸ್ ವೇಟೀಸ್ ವೇರಿಂಗ್ ಅವರ ನಾಮಧೇಯವನ್ನು ಧರಿಸಿದೆ.

ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಪ್ರತಿಷ್ಠಿತ ಬಿಳಿಯರ ಮನೆತನದಲ್ಲಿ ಹುಟ್ಟಿದವರಾದರೂ, ಕರಿಯ ಶಿಕ್ಷಕರಿಗೆ ಸಮಾನ ವೇತನವು ಸಲ್ಲತಕ್ಕದ್ದೆಂದೂ, ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಕರಿಯರ ಮತಾಧಿಕಾರವನ್ನು ನಿರಾಕರಿಸಲಾಗದೆಂದೂ ಅವರು ತೀರ್ಪಿತ್ತರು. 1951ರಲ್ಲಿ, ಕ್ಲಾರೆಂಡನ್ ಕೌಂಟಿಯ ಕರಿಯ ತಂದೆತಾಯಿಗಳು ತಮ್ಮ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹೂಡಿದ ಬ್ರಿಗ್ಸ್ ಮೊಕದ್ದಮೆಯನ್ನು ಮೂವರು ನ್ಯಾಯಾಧೀಶರ ಪೀಠವು ಚಾರ್ಲ್ಸ್‌ಟನ್ನಿನಲ್ಲಿ ವಿಚಾರಣೆಗೆತ್ತಿಕೊಂಡಾಗ, ಉಳಿದಿಬ್ಬರು ವರ್ಣಭೇದದ ಶಾಲಾಪದ್ಧತಿಯನ್ನು ಎತ್ತಿಹಿಡಿಯಲು, ವೇರಿಂಗರೊಬ್ಬರೇ, ಪ್ರತ್ಯೇಕಿಸುವುದೇ ಅಸಮಾನತೆಯೆಂಬ ತಮ್ಮ ಭಿನ್ನಮತವನ್ನು ದಾಖಲಿಸಿದರು. ಈ ಮೊಕದ್ದಮೆಯನ್ನೂ ಒಳಗೊಂಡ ಬ್ರೌನ್ ಪ್ರಕರಣದಲ್ಲಿ, 1954ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಶಾಲೆಗಳ ವರ್ಣಭೇದವು ಸಂವಿಧಾನಬಾಹಿರವೆಂದು ಏಕಮತದಿಂದ ಸಾರಿತು.

ಸತ್ಯವನ್ನು ನುಡಿದುದಕ್ಕೆ ತೆತ್ತ ಬೆಲೆ ಅಲ್ಪವಾಗಿರಲಿಲ್ಲ. ಸ್ವಜನರ ಬಹಿಷ್ಕಾರಕ್ಕೆ ಗುರಿಯಾದ ವೇರಿಂಗರು 1952ರಲ್ಲಿ ನಿವೃತ್ತರಾಗಿ ನ್ಯೂಯಾರ್ಕಿಗೆ ತೆರಳಿದರು. 1968ರಲ್ಲಿ ತೀರಿಕೊಂಡ ಬಳಿಕ ಜನ್ಮಭೂಮಿಯ ಮ್ಯಾಗ್ನೋಲಿಯ ಸ್ಮಶಾನವೇ ಅವರಿಗೆ ಚಿರವಿಶ್ರಾಂತಿಯ ತಾಣವಾಯಿತು.

ಮೊದಲು ಈ ಭವನಕ್ಕೆ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್ ಅವರ ಹೆಸರಿತ್ತು. ತಮ್ಮ ಜೀವಿತಕಾಲದಲ್ಲಿಯೇ ಆ ಗೌರವವನ್ನು ಸ್ವಯಂ ಬಿಟ್ಟುಕೊಟ್ಟು, ಅದು ವೇರಿಂಗರಿಗೆ ಸಲ್ಲಲೆಂದು ಹಾಲಿಂಗ್ಸರೇ ಕೋರಿಕೊಂಡ ಔದಾರ್ಯದಿಂದ, 2015ರಲ್ಲಿ ಮರುನಾಮಕರಣವು ನೆರವೇರಿತು. ಒಂದು ಕಾಲದಲ್ಲಿ ತನ್ನ ಬಾಗಿಲುಗಳನ್ನು ಮುಚ್ಚಿಕೊಂಡ ಊರು, ಇಂದು ಆ ಹೆಸರನ್ನೇ ನ್ಯಾಯದ ಹೆಬ್ಬಾಗಿಲಿನ ಮೇಲೆ ಹೊತ್ತುಕೊಂಡಿದೆ.