ರೊಟ್ಟಿಯ ಮೇಲೆ ಏನಿರಬೇಕು?

ಬಾದಾಮಿಯ ಗುಹಾಲಯಗಳನ್ನು ನೋಡಿ ಇಳಿದು ಬಂದು, ಊರಿನ ಖಾನಾವಳಿಯೊಂದರಲ್ಲಿ ನೀವು ಊಟಕ್ಕೆ ಕುಳಿತಿದ್ದೀರಿ ಎಂದುಕೊಳ್ಳಿ. ತಟ್ಟೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿ ಚಟ್ನಿ, ಗಟ್ಟಿ ಮೊಸರು. ಪಕ್ಕದಲ್ಲಿ ಕುಳಿತ ಹುಡುಗ, "ರೊಟ್ಟಿ ಮ್ಯಾಲೆ ಚೀಸ್ ಹಾಕಿ ಕೊಡ್ರಿ" ಎಂದು ಕೇಳುತ್ತಾನೆ. ಅವನ ಅಜ್ಜ ಸಿಟ್ಟಾಗುತ್ತಾರೆ: "ಇದು ನಮ್ಮ ಪದ್ಧತಿ ಅಲ್ಲ!" ಇವರಲ್ಲಿ ಯಾರ ಮಾತು ಸರಿ?

ಶಕ 465, ಅಂದರೆ ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಕೋಟೆಯನ್ನು ಕಟ್ಟಿಸಿದನು. ಅವನ ಅಡುಗೆಮನೆಯಲ್ಲಿ ಶೇಂಗಾ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಇವೆರಡೂ ಅಮೆರಿಕ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ನಂತರವೇ ಅವು ಹಡಗು ಹತ್ತಿದವು. ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ನಮ್ಮ ಹಿರಿಯರಿಗೆ ಖಾರವೆಂದರೆ ಮೊದಲು ಕಾಳುಮೆಣಸು. ಹೊಸ ಕಾಯಿಗೂ ಅದೇ ಹೆಸರನ್ನು ಕೊಟ್ಟು 'ಮೆಣಸಿನಕಾಯಿ' ಎಂದರು. ಅಷ್ಟೇ ಏಕೆ, ಜೋಳದ ಮೂಲವೇ ಆಫ್ರಿಕ. ಅದು ನಮ್ಮ ನೆಲಕ್ಕೆ ಬಂದು ಸಾವಿರಾರು ವರ್ಷಗಳಾದವು.

ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. 1962ರಲ್ಲಿ ಕೆನಡಾದ ಚಾಥಮ್ ಎಂಬ ಊರಿನಲ್ಲಿ, ಗ್ರೀಸಿನಿಂದ ವಲಸೆ ಬಂದಿದ್ದ ಸ್ಯಾಮ್ ಪನೋಪೊಲಸ್ ಪಿಟ್ಜಾದ ಮೇಲೆ ಅನಾನಸ್ ಹಾಕಿದರು. 2017ರಲ್ಲಿ ಐಸ್‌ಲೆಂಡಿನ ಅಧ್ಯಕ್ಷರು ಅದನ್ನು ನಿಷೇಧಿಸುವ ಮಾತಾಡಿ, ಗದ್ದಲವೆದ್ದ ಮೇಲೆ, ತಮಗೆ ಅಂಥ ಅಧಿಕಾರವಿಲ್ಲದಿರುವುದೇ ಒಳ್ಳೆಯದು ಎಂದರು. ಪಿಟ್ಜಾದ ಟೊಮೇಟೊ ಕೂಡ ಅನಾನಸಿನಂತೆ ಅಮೆರಿಕದಿಂದಲೇ ಬಂದದ್ದು. ಒಂದು ಪದ್ಧತಿಯಾಯಿತು, ಇನ್ನೊಂದು ವಿವಾದವಾಯಿತು!

ಹಾಗಾದರೆ ಏನು ಹಾಕಿದರೂ ನಡೆದೀತೇ? ಅದಕ್ಕೆ ರೊಟ್ಟಿಯೇ ಉತ್ತರ ಹೇಳುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಅಂಗೈಯಿಂದ ತಟ್ಟಬೇಕು. ಅದು ಪಿಟ್ಜಾದಂತೆ ಭಾರ ಹೊರಲಾರದು. ಮುರಿದುಕೊಂಡು, ಪಲ್ಯ ಹಿಡಿದು ತಿನ್ನುವಂಥದು. ಮೆಣಸಿನಕಾಯಿ, ಶೇಂಗಾ ಇಲ್ಲಿ ನೆಲೆನಿಂತದ್ದು ಈ ರೊಟ್ಟಿಯೊಡನೆ ಹೊಂದಿಕೊಂಡದ್ದರಿಂದ, ಬಡವರ ಹೊಲದಲ್ಲೂ ಬೆಳೆದದ್ದರಿಂದ. ಯಾವ ಅರಸನ ಅಪ್ಪಣೆಯೂ ಅದಕ್ಕೆ ಬೇಕಾಗಲಿಲ್ಲ. ಉಣ್ಣುವವರು ಕೇಳಿದರು, ಅಡುಗೆಯವರು ಮಾಡಿ ನೋಡಿದರು, ಮುಂದಿನ ತಲೆಮಾರು ಉಳಿಸಿಕೊಂಡಿತು.

ಆದರೆ ಅಜ್ಜನ ಸಿಟ್ಟಿನಲ್ಲೂ ಒಂದು ಸತ್ಯವಿದೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆ ಈಗಲೂ ಎಷ್ಟೋ ತಾಯಂದಿರು ರೊಟ್ಟಿ ತಟ್ಟಿ ಸಂಸಾರ ಸಾಗಿಸುತ್ತಾರೆ. ಆ ಕೈಗೆ ತಕ್ಕ ಕೂಲಿ ಸಿಗದೆ, ಜೋಳದ ಬೆಳೆಗೆ ತಕ್ಕ ಬೆಲೆ ಸಿಗದೆ ಹೋದರೆ ಮೊಮ್ಮಗನ ಆಯ್ಕೆಗೆ ಅಡಿಪಾಯವೇ ಇರದು. ಚೀಸ್ ಬಂದರೆ ರೊಟ್ಟಿ ಕೆಡಲಿಕ್ಕಿಲ್ಲ. ತಟ್ಟುವವರು ಇಲ್ಲವಾದರೆ ರೊಟ್ಟಿಯೇ ಇರುವುದಿಲ್ಲ.

ಮುಂದಿನ ಸಲ ಖಾನಾವಳಿಗೆ ಹೋದಾಗ ನಿಮಗೆ ಬೇಕಾದ್ದನ್ನು ಧಾರಾಳವಾಗಿ ಕೇಳಿ. ಜೊತೆಗೆ ಆ ರೊಟ್ಟಿ ತಟ್ಟಿದವರು ಯಾರೆಂದೂ ವಿಚಾರಿಸಿ.