ದೂರದ್ವೀಪದ ಗಿಡ ಮತ್ತು ಬಿ.ಜಿ.ಎಲ್. ಸ್ವಾಮಿ

ಬಸವನಗುಡಿಯ ಗಾಂಧಿಬಜಾರಿಗೆ ಹೋದವರೆಲ್ಲರೂ ಡಿ.ವಿ.ಜಿ. ರಸ್ತೆಯನ್ನು ಬಲ್ಲರು. ‘ಮಂಕುತಿಮ್ಮನ ಕಗ್ಗ’ದ ಕವಿಯ ಹೆಸರು ಅಲ್ಲಿ ಅಂಗಡಿಗಳ ನಾಮಫಲಕಗಳ ಮೇಲೆಲ್ಲ ಕಾಣುತ್ತದೆ. ಅವರ ಪುತ್ರ ಡಾ. ಬಿ.ಜಿ.ಎಲ್. ಸ್ವಾಮಿಯವರ ಹೆಸರು ಶಾಂತಸಾಗರದ ನಡುವಿನ ಫಿಜಿ ದ್ವೀಪಗಳ ಒಂದು ಕಾಡುಗಿಡಕ್ಕೆ ಸಂದಿದೆ ಎಂಬುದನ್ನು ಮಾತ್ರ ಬಲ್ಲವರು ಕಡಿಮೆ. ಅಮೆರಿಕದ ಸಸ್ಯವಿಜ್ಞಾನಿ ಎ.ಸಿ. ಸ್ಮಿತ್ ಆ ಗಿಡವನ್ನು ‘ಅಸ್ಕರೈನಾ ಸ್ವಾಮಿಯಾನಾ’ ಎಂದು ಕರೆದರು.

ಕನ್ನಡಿಗರಿಗೆ ಸ್ವಾಮಿಯವರು ‘ಕಾಲೇಜು ರಂಗ’ದ ಹಾಸ್ಯಗಾರರು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನ ಕರ್ತೃ. ಆ ನಗುವಿನ ಹಿಂದಿದ್ದ ವಿಜ್ಞಾನಿ ಎಂಥವರೆಂಬುದನ್ನು ನಾವು ಅಷ್ಟಾಗಿ ಕೇಳಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿ ಪಡೆದ ಅವರು, ಅನಂತರ ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿದ್ವಾಂಸರೊಡನೆ ಸಂಶೋಧನೆಗೆ ತೊಡಗಿದರು.

ಆಗ ಅವರ ಕೈಗೆ ಬಂದ ಗಿಡಗಳಲ್ಲೊಂದು ‘ಆಂಬೊರೆಲ್ಲಾ ಟ್ರೈಕೊಪೋಡಾ’. ನ್ಯೂ ಕ್ಯಾಲಿಡೋನಿಯಾ ದ್ವೀಪದ ಮಳೆಕಾಡನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ತಾನಾಗಿ ಬೆಳೆಯದ ಪೊದೆ ಅದು. ಗಂಡುಹೂ, ಹೆಣ್ಣುಹೂಗಳು ಬೇರೆ ಬೇರೆ ಗಿಡಗಳಲ್ಲಿ ಅರಳುತ್ತವೆ. ಹೂ ಬಲು ಚಿಕ್ಕದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬೈಯೋನ್ ಅದಕ್ಕೆ ಹೆಸರಿಟ್ಟಿದ್ದರು. ಅದನ್ನು ‘ಮೊನಿಮಿಯೇಸೀ’ ಎಂಬ ಕುಟುಂಬಕ್ಕೆ ಸೇರಿಸಿದ್ದೂ ಆಗಿತ್ತು.

ಬೈಲಿ ಮತ್ತು ಸ್ವಾಮಿ ಅದರ ಕಾಂಡವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. ಬಹುತೇಕ ಹೂಬಿಡುವ ಸಸ್ಯಗಳ ಕಟ್ಟಿಗೆಯಲ್ಲಿ ನೀರು ಏರಲು ವಿಶೇಷ ನಾಳಗಳಿರುತ್ತವೆ. ಗೆಣ್ಣುಗಳನ್ನು ಕೊರೆದು ತೆಗೆದ ಬಿದಿರಿನ ಕೊಳವೆಯನ್ನು ನೆನೆದುಕೊಳ್ಳಿ. ನೀರು ತಡೆಯಿಲ್ಲದೆ ಹರಿಯುತ್ತದೆ. ಆಂಬೊರೆಲ್ಲಾದಲ್ಲಿ ಅಂಥ ನಾಳಗಳೇ ಇಲ್ಲ. ಅಲ್ಲಿರುವುದು ಗೆಣ್ಣು ತೆಗೆಯದ ಬಿದಿರಿನಂಥ, ತುದಿ ಮುಚ್ಚಿದ ಕೋಶಗಳು. ನೀರು ಗೋಡೆಗಳ ತೆಳುಭಾಗಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಜಿನುಗಬೇಕು. ಪೈನ್ ಮುಂತಾದ ಹೂಬಿಡದ ಮರಗಳಲ್ಲಿ ಇದು ಸಾಮಾನ್ಯ. ಹೂಬಿಡುವ ಸಸ್ಯಗಳಲ್ಲಿ ಅಪೂರ್ವ. 1948ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ಗಿಡವನ್ನು ಒಂದು ಹೊಸ ಮಾದರಿಯೆಂದೇ ನಿರೂಪಿಸಿತು. ಅದೇ ವರ್ಷ ಫ್ರಾನ್ಸಿನ ಪಿಶೋನ್ ಅದಕ್ಕೆಂದೇ ‘ಆಂಬೊರೆಲ್ಲೇಸೀ’ ಎಂಬ ಕುಟುಂಬವನ್ನು ಸ್ಥಾಪಿಸಿದರು. ಒಂದೇ ಕುಟುಂಬ, ಒಂದೇ ಕುಲ, ಒಂದೇ ಜಾತಿ!

ಮುಂದೆ ಸ್ವಾಮಿಯವರು ಅಸ್ಕರೈನಾ ಕುಲದತ್ತ ತಿರುಗಿದರು. ಇದರ ಜಾತಿಗಳಲ್ಲಿ ಹೆಚ್ಚಿನವು ಶಾಂತಸಾಗರದ ದ್ವೀಪಗಳಲ್ಲಿ ಚದುರಿಹೋಗಿವೆ. ಇಂಥ ಕುಲವನ್ನು ಪರಿಷ್ಕರಿಸುವುದೆಂದರೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಗಳನ್ನು ಹೋಲಿಸಿ, ಯಾವುದು ಯಾವುದರಿಂದ ನಿಜವಾಗಿ ಬೇರೆ ಎಂದು ತೀರ್ಮಾನಿಸುವುದು. 1953ರ ಆ ಪರಿಷ್ಕರಣದಲ್ಲಿ ಅವರು ಒಂದು ಹೊಸ ಜಾತಿಯನ್ನು ವರ್ಣಿಸಿ, ಭಾರತದ ಸಸ್ಯಭ್ರೂಣಶಾಸ್ತ್ರದ ಆಚಾರ್ಯ ಪಂಚಾನನ ಮಾಹೇಶ್ವರಿಯವರ ಹೆಸರಿಟ್ಟರು. ದಕ್ಷಿಣ ಭಾರತದ ಮತ್ತೊಂದು ಗಿಡಕ್ಕೆ ‘ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ’ ಎಂದು ಹೆಸರಿಟ್ಟು ಬೈಲಿಯವರ ಋಣವನ್ನೂ ಸಲ್ಲಿಸಿದರು. ಗುರುದಕ್ಷಿಣೆಗೆ ಇದಕ್ಕಿಂತ ಸೊಗಸಾದ ರೀತಿ ನನಗೆ ತಿಳಿಯದು.

1980ರಲ್ಲಿ ಸ್ವಾಮಿಯವರು ತೀರಿಕೊಂಡರು. ಆಂಬೊರೆಲ್ಲಾದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1999ರಲ್ಲಿ ಹಲವು ಸಂಶೋಧಕ ತಂಡಗಳು ಡಿ.ಎನ್.ಎ. ಹೋಲಿಕೆಯಿಂದ ಹೂಬಿಡುವ ಸಸ್ಯಗಳ ವಂಶವೃಕ್ಷವನ್ನು ರಚಿಸಿದಾಗ, ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಯಲ್ಲಿ ಕಂಡದ್ದು ಇದೇ ಪೊದೆ. ಇದು ಹೂಗಿಡಗಳ ಮೂಲಪುರುಷನೆಂದು ಭಾವಿಸಬಾರದು. ಎಲ್ಲರಿಗಿಂತ ಮೊದಲೇ ಪಾಲು ಪಡೆದು ಬೇರೆ ಮನೆ ಹೂಡಿದ ದಾಯಾದಿ ಎನ್ನಬಹುದು. 2013ರಲ್ಲಿ ಅದರ ಜೀನೋಮ್ ಪ್ರಕಟವಾಯಿತು.

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ, ವರ್ಗೀಕರಣದ ಪಾಠ ಬಂತೆಂದರೆ ಮಕ್ಕಳ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. ಅವರ ಪಾಲಿಗೆ ಅದು ಉರು ಹೊಡೆಯಬೇಕಾದ ಲ್ಯಾಟಿನ್ ಹೆಸರುಗಳ ಪಟ್ಟಿ. ಆದರೆ ಹೆಸರಿಡುವುದು ಕೆಲಸದ ಆರಂಭ ಮಾತ್ರ. ಆಂಬೊರೆಲ್ಲಾಕ್ಕೆ ಹೆಸರಿತ್ತು, ಕುಟುಂಬವೂ ಇತ್ತು. ಅದು ಎಷ್ಟು ಬೇರೆಯದು ಎಂದು ಕಾಣಲು ಕಾಂಡದ ಒಳಗನ್ನು ತಾಳ್ಮೆಯಿಂದ ನೋಡುವವರು ಬೇಕಾಯಿತು. ಡಿ.ಎನ್.ಎ. ಯಂತ್ರಗಳಿಲ್ಲದ ಕಾಲದಲ್ಲಿ ಹಾಗೆ ನೋಡಿದ ಇಬ್ಬರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು. ‘ಹಸುರು ಹೊನ್ನು’ವನ್ನು ಓದಿ ನಕ್ಕವರು ಈ ಸಂಗತಿಯನ್ನೂ ತಮ್ಮ ಮನೆಯ ಮಕ್ಕಳಿಗೆ ಹೇಳಲಿ ಎಂಬುದು ಈ ಹಳೆಯ ಮೇಷ್ಟರ ಆಸೆ.